ಕ್ಲ್ಯಾಂಪ್ ಮೀಟರ್ ತಪ್ಪು ತೋರಿಸುತ್ತಿದೆಯಾ? ಪ್ರೀಸೆಟ್ ಮುಟ್ಟುವ ಮೊದಲು ಇಷ್ಟು ನೋಡಿ

ವೈರನ್ನು ಕತ್ತರಿಸದೆ, ಅದರ ಸುತ್ತ ಬಾಯಿ ಕಚ್ಚಿಸಿ ಕರೆಂಟ್ ಅಳೆಯುವ ಉಪಕರಣವೇ ಕ್ಲ್ಯಾಂಪ್ ಮೀಟರ್. ಈಚೆಗೆ ನನ್ನ ಮೇಜಿಗೆ ಬಂದ ಅಂಥ ಒಂದು ಮೀಟರಿನ ಕಥೆ ಹೀಗಿತ್ತು. ಮೊದಲು ಕಡಿಮೆ ತೋರಿಸುತ್ತಿತ್ತಂತೆ. ಯಾರೋ ಬಿಚ್ಚಿ ಸರಿ ಮಾಡಿಕೊಟ್ಟರಂತೆ. ಎರಡು ತಿಂಗಳು ಚೆನ್ನಾಗಿಯೇ ಇತ್ತು, ಈಗ ಜಾಸ್ತಿ ತೋರಿಸುತ್ತಿದೆ. ನಾನು ಲೋಡ್ ಹಾಕಿ ನೋಡಿದೆ. 80 ಆಂಪಿಯರ್ ಬರಬೇಕಾದಲ್ಲಿ 90 ಬಂತು. ಹಿಂಬದಿ ಮುಚ್ಚಳ ತೆಗೆದರೆ ಪ್ರೀಸೆಟ್ (ರೀಡಿಂಗ್ ಹೊಂದಿಸಲು ತಿರುಗಿಸುವ ಪುಟ್ಟ ರೆಸಿಸ್ಟರ್) ಮೇಲಿದ್ದ ಬಣ್ಣದ ಸೀಲ್ ಒಡೆದಿತ್ತು. ಬಾಯಿಯ ತುದಿಯನ್ನು ಬೆಳಕಿಗೆ ಹಿಡಿದೆ. ಒಂದು ಮೂಲೆಯಲ್ಲಿ ಒಣಗಿದ ಬಿಳಿ ಪೇಂಟಿನ ಚಕ್ಕೆ ಅಂಟಿಕೊಂಡಿದ್ದು, ಆಮೇಲೆ ಉದುರಿಹೋದ ಕಲೆ ಇನ್ನೂ ಇತ್ತು.

ನಡೆದದ್ದು ಇಷ್ಟೇ. ಚಕ್ಕೆ ಸಿಕ್ಕಿಕೊಂಡು ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ, ರೀಡಿಂಗ್ ಕಡಿಮೆ ಬರುತ್ತಿತ್ತು. ಪುಣ್ಯಾತ್ಮರು ಬಾಯಿಯನ್ನು ನೋಡಲೇ ಇಲ್ಲ, ಪ್ರೀಸೆಟ್ ತಿರುಗಿಸಿ ಅಂಕಿ ಕೂರಿಸಿ ಕೊಟ್ಟುಬಿಟ್ಟರು. ಚಕ್ಕೆ ತಾನಾಗಿ ಉದುರಿದ ದಿನ ಮೀಟರ್ ಉಲ್ಟಾ ತಪ್ಪಾಯಿತು. ಅದಕ್ಕೇ ನಾನು ಪ್ರೀಸೆಟ್ ಮುಟ್ಟುವುದು ಕಟ್ಟಕಡೆಗೆ. ಅದಕ್ಕೂ ಮೊದಲು ತಪ್ಪು ಯಾವ ಥರದ್ದು ಅಂತ ನೋಡುತ್ತೇನೆ. ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದೆಯಾ, ಒಂದೇ ಅಂಕಿಯಷ್ಟು ತಪ್ಪುತ್ತಿದೆಯಾ, ರೇಂಜಿನ ಮೇಲ್ಭಾಗದಲ್ಲಿ ಮಾತ್ರವಾ, ಕೆಳಭಾಗದಲ್ಲಿ ಮಾತ್ರವಾ. ಇದು ಗೊತ್ತಾದರೆ ಎಲ್ಲಿ ಬಿಚ್ಚಬೇಕು ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಒಳಗೆ ಏನಿದೆ

ಎಸಿ ಮಾತ್ರ ಅಳೆಯುವ ಮೀಟರಿನ ಬಾಯಿ ಅಂದರೆ ಒಂದು ಕರೆಂಟ್ ಟ್ರಾನ್ಸ್‌ಫಾರ್ಮರ್. ನಡುವೆ ಹಾದುಹೋಗುವ ವೈರ್ ಒಂದು ಸುತ್ತು, ಕೋರ್ (ದವಡೆಯೊಳಗಿನ ಲೋಹದ ತಿರುಳು) ಮೇಲಿನ ಕಾಯಿಲ್ ಸಾವಿರಾರು ಸುತ್ತು. ಲೆಕ್ಕಕ್ಕೆ 1000 ಸುತ್ತು ಅಂದುಕೊಳ್ಳಿ. ವೈರಿನಲ್ಲಿ 200 ಆಂಪಿಯರ್ ಹರಿದರೆ ಕಾಯಿಲ್‌ನಲ್ಲಿ 0.2 ಆಂಪಿಯರ್. ಅದು 1 ಓಮ್‌ನ ಬರ್ಡನ್ ರೆಸಿಸ್ಟರ್ (ಕಾಯಿಲ್ ತುದಿಗಳಿಗೆ ಜೋಡಿಸಿದ ರೆಸಿಸ್ಟರ್) ಮೂಲಕ ಹೋದರೆ 200 ಮಿಲಿವೋಲ್ಟ್. ಅದನ್ನು ರೆಕ್ಟಿಫೈ ಮಾಡಿ (ಎಸಿಯಿಂದ ಡಿಸಿಗೆ ತಿರುಗಿಸಿ), ಒಂದು ಪ್ರೀಸೆಟ್ ದಾಟಿಸಿ, ಅಂಕಿ ತೋರಿಸುವ ಚಿಪ್‌ಗೆ ಕೊಡುತ್ತಾರೆ. ಡಿಸಿ ಕೂಡ ಅಳೆಯುವ ಮೀಟರಿನಲ್ಲಿ ಕೋರ್‌ನ ಸೀಳಿನಲ್ಲಿ ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್ ಕೂತಿರುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಅದರ ಜೀವಾಳ. ಅದರ ರೋಗಗಳೇ ಬೇರೆ, ಆಮೇಲೆ ಹೇಳುತ್ತೇನೆ.

ತಪ್ಪು ಮೀಟರಿನದ್ದೋ, ನಮ್ಮದ್ದೋ

ಬೈಸಿಕೊಂಡರೂ ಪರವಾಗಿಲ್ಲ, ಇದನ್ನು ಮೊದಲು ಕೇಳುತ್ತೇನೆ: ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿದ್ದೀರಾ? ಹಾಗೆ ಹಾಕಿದರೆ ಒಂದರಲ್ಲಿ ಹೋಗುವ ಕರೆಂಟ್ ಇನ್ನೊಂದರಲ್ಲಿ ವಾಪಸ್ ಬಂದು ಸೊನ್ನೆ ತೋರಿಸುತ್ತದೆ. ಮೀಟರ್ ಚೆನ್ನಾಗಿದೆ ಅಂತ ಅರ್ಥ! ಹೋಲ್ಡ್ ಬಟನ್ ಒತ್ತಿಹೋಗಿದ್ದರೆ ಅಂಕಿ ಅಲ್ಲಾಡುವುದೇ ಇಲ್ಲ. ಆ ಬಟನ್ ಬದಿಯಲ್ಲಿರುವ ಮೀಟರುಗಳಲ್ಲಿ ಕೈಗೆ ತಾಗಿ ಇದು ಜಾಸ್ತಿ ಆಗುತ್ತದೆ. ವೈರ್ ಬಾಯಿಯ ನಡುವೆ ಇರಬೇಕು. ಮೂಲೆಗೆ ಒತ್ತಿಕೊಂಡಿದ್ದರೆ ಶೇಕಡಾ ಒಂದೆರಡು ವ್ಯತ್ಯಾಸ ಬರುತ್ತದೆ. ಪಕ್ಕದಲ್ಲೇ ಭಾರೀ ಕರೆಂಟಿನ ಕೇಬಲ್ ಇದ್ದರೆ ಅದೂ ಕೈಯಾಡಿಸುತ್ತದೆ.

ಇನ್ನೊಂದು ಜಗಳ ಎರಡು ಮೀಟರ್ ಎರಡು ರೀತಿ ತೋರಿಸುವುದು. ಹೀಟರ್ ಮೇಲೆ ಎರಡೂ ಒಂದೇ, ಕಂಪ್ಯೂಟರ್ ಅಥವಾ ಡಿಮ್ಮರ್ ಹಾಕಿದ ದೀಪದ ಮೇಲೆ ಮಾತ್ರ ಬೇರೆ ಬೇರೆ ಅಂದರೆ ಯಾವುದೂ ಕೆಟ್ಟಿಲ್ಲ. ಒಂದು, ತರಂಗದ ಆಕಾರ ಯಾವುದಿದ್ದರೂ ಅಸಲಿ ಬೆಲೆ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್, ಇನ್ನೊಂದು ಸರಾಸರಿ ಅಳೆದು 1.11ರಿಂದ ಗುಣಿಸಿ ತೋರಿಸುವ ಮೀಟರ್. ಆ ಗುಣಾಕಾರ ಶುದ್ಧ ಸೈನ್ ತರಂಗಕ್ಕೆ ಮಾತ್ರ ಸರಿ. ಚೂಪು ಚೂಪಾಗಿ ಕರೆಂಟ್ ಎಳೆಯುವ ಲೋಡ್‌ಗಳಲ್ಲಿ ಸರಾಸರಿ ಮೀಟರ್ ಶೇಕಡಾ 30–40ರವರೆಗೂ ಕಡಿಮೆ ತೋರಿಸಬಹುದು. ಇದನ್ನು ಪ್ರೀಸೆಟ್‌ನಲ್ಲಿ ಸರಿ ಮಾಡಲು ಹೊರಟರೆ ಹೀಟರ್ ಮೇಲೆ ತಪ್ಪಾಗುತ್ತದೆ.

ಮತ್ತೆ ಸ್ಪೆಸಿಫಿಕೇಷನ್ ಓದಿ. 200 ಆಂಪಿಯರ್ ರೇಂಜ್, ಕೊನೆಯ ಅಂಕಿ 0.1, ನಿಖರತೆ ‘ಶೇಕಡಾ 2 ಪ್ಲಸ್ 5 ಡಿಜಿಟ್’ ಅಂತ ಬರೆದಿದೆ ಅನ್ನಿ. 4 ಆಂಪಿಯರ್ ಅಳೆದರೆ ಶೇಕಡಾ 2 ಅಂದರೆ 0.08, ಐದು ಡಿಜಿಟ್ ಅಂದರೆ 0.5, ಒಟ್ಟು 0.58. ಅಂದರೆ 3.42ರಿಂದ 4.58ರ ನಡುವೆ ಏನು ತೋರಿಸಿದರೂ ಆ ಮೀಟರ್ ಕೊಟ್ಟ ಮಾತಿಗೆ ತಪ್ಪಿಲ್ಲ. ಸಣ್ಣ ಕರೆಂಟನ್ನು ದೊಡ್ಡ ರೇಂಜಿನಲ್ಲಿ ಅಳೆದು ‘ಕೆಟ್ಟಿದೆ’ ಅಂತ ತಂದುಕೊಟ್ಟವರೇ ನನ್ನ ಹತ್ತಿರ ಜಾಸ್ತಿ.

ಹತ್ತು ಸುತ್ತಿನ ಉಪಾಯ

80 ಆಂಪಿಯರ್ ಎಲ್ಲಿಂದ ತಂದೆ ಅಂತ ಕೇಳಬಹುದು. ನಿಜವಾಗಿ ಹರಿದದ್ದು 8 ಮಾತ್ರ. ಒಳ್ಳೆ ಇನ್ಸುಲೇಷನ್ ಇರುವ 2.5 ಚದರ ಮಿಲಿಮೀಟರ್ ವೈರನ್ನು ಎರಡು ಗೇಣು ಅಗಲದ ಬಳೆಯ ಹಾಗೆ ಹತ್ತು ಸುತ್ತು ಸುತ್ತಿ ಟೈ ಹಾಕಿ ಬಿಗಿದಿಟ್ಟಿದ್ದೇನೆ. ಇದನ್ನು ಲೋಡ್‌ನ ಒಂದೇ ವೈರಿಗೆ ಸೀರೀಸ್‌ನಲ್ಲಿ ಸೇರಿಸುವುದು, ಬಳೆಯ ಒಂದು ಬದಿಯನ್ನು ಬಾಯಿಯೊಳಗೆ ಹಾಕುವುದು. ಹತ್ತು ಸಲ ಹಾದುಹೋಗುವ ಕರೆಂಟ್ ಮೀಟರಿಗೆ ಹತ್ತರಷ್ಟಾಗಿ ಕಾಣುತ್ತದೆ. 230 ವೋಲ್ಟಿನ ಲೈನಿನಲ್ಲಿ 1000 ವಾಟ್ ಹೀಟರ್ ಸುಮಾರು 4.3 ಆಂಪಿಯರ್ ಎಳೆಯುತ್ತದೆ, ಮೀಟರಿಗೆ ಅದು 43. ಎರಡು ಹೀಟರ್ ಹಾಕಿದರೆ 87ರ ಹತ್ತಿರ. ಎಣಿಕೆಯಲ್ಲಿ ಎಡವಬೇಡಿ, ಬಾಯಿಯ ಒಳಗೆ ಎಷ್ಟು ಸಲ ಹಾದಿದೆ ಅನ್ನುವುದೊಂದೇ ಲೆಕ್ಕ. ಬಳೆಯ ಆಚೆ ಬದಿ ಬಾಯಿಗೆ ತಾಗಿಕೊಂಡಿರಬಾರದು, ಅದಕ್ಕೇ ಬಳೆ ದೊಡ್ಡದಿರಬೇಕು.

ಹೋಲಿಸಿ ನೋಡಲು ಅದೇ ಸರ್ಕ್ಯೂಟಿನಲ್ಲಿ ಒಂದು ನಂಬಿಕೆಯ ಮೀಟರ್ ಬೇಕು. ಅದು ಪರೀಕ್ಷೆಗೆ ಬಂದ ಮೀಟರಿಗಿಂತ ನಾಲ್ಕು ಪಟ್ಟಾದರೂ ನಿಖರವಾಗಿರಬೇಕು ಅನ್ನುವುದು ಕ್ಯಾಲಿಬ್ರೇಷನ್ ಮಾಡುವವರ ಹಳೆಯ ಲೆಕ್ಕ. ಮಲ್ಟಿಮೀಟರಿನ 10 ಆಂಪಿಯರ್ ಸಾಕೆಟ್ ಬಳಸುವುದಾದರೆ ಅದರ ಪಕ್ಕ ಬರೆದಿರುವ ಸಮಯ ಓದಿ. ಎಷ್ಟೋ ಮೀಟರುಗಳಲ್ಲಿ 10–15 ಸೆಕೆಂಡು ಮಾತ್ರ, ಆಮೇಲೆ ಆರಲು ಬಿಡಬೇಕು. ಲೈನ್ ವೋಲ್ಟೇಜ್ ಏರಿಳಿಯುತ್ತಾ ಇರುತ್ತದೆ, ಹೀಟರಿನ ಕರೆಂಟೂ ಅದರ ಜೊತೆ ಕುಣಿಯುತ್ತದೆ. ಒಂದನ್ನು ಓದಿ ಬರೆದುಕೊಂಡು ಇನ್ನೊಂದನ್ನು ನೋಡುವಷ್ಟರಲ್ಲಿ ಬದಲಾಗಿರುತ್ತದೆ. ಎರಡೂ ಡಿಸ್‌ಪ್ಲೇ ಅಕ್ಕಪಕ್ಕ ಇಟ್ಟು ಫೋನಿನಲ್ಲಿ ಒಂದು ಫೋಟೋ ಹೊಡೆದುಬಿಡಿ, ತಕರಾರೇ ಇಲ್ಲ.

ಈ ಪರೀಕ್ಷೆಯನ್ನು ಮುಚ್ಚಳ ಹಾಕಿಯೇ ಮಾಡಿ. ಮುಚ್ಚಳ ತೆಗೆದು ಪ್ರೀಸೆಟ್ ಹೊಂದಿಸುವ ಹಂತ ಬಂದಾಗ ಮೇನ್ಸ್ ಬೇಡ. ಕೆಲವೇ ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಸೆಕೆಂಡರಿಗೆ ತಕ್ಕ ರೆಸಿಸ್ಟರ್ ಹಾಕಿ ಅದರ ಕರೆಂಟನ್ನೇ ಬಳೆಯಲ್ಲಿ ಹರಿಸಿ. ಬಾಯಿಗೆ ಬೇಕಾದದ್ದು ಕರೆಂಟು, ವೋಲ್ಟೇಜ್ ಅಲ್ಲ.

ಅಂಕಿ ಏನು ಹೇಳುತ್ತದೆ

ಕನಿಷ್ಠ ಮೂರು ಕಡೆ ನೋಡಿ, ರೇಂಜಿನ ಕೆಳಗೆ, ನಡುವೆ, ಮೇಲೆ. 20ಕ್ಕೆ 19, 40ಕ್ಕೆ 38, 80ಕ್ಕೆ 76 ಬಂದರೆ ಪ್ರಮಾಣ ಒಂದೇ, ಶೇಕಡಾ 5. ಬಾಯಿ ಸರಿಯಾಗಿ ಮುಚ್ಚಿಲ್ಲ, ಬರ್ಡನ್ ರೆಸಿಸ್ಟರಿನ ಓಮ್ ಬದಲಾಗಿದೆ, ಪ್ರೀಸೆಟ್ ಜರುಗಿದೆ, ಇಲ್ಲವೇ ರೆಫರೆನ್ಸ್ ವೋಲ್ಟೇಜ್ (ಚಿಪ್ ಯಾವುದಕ್ಕೆ ಹೋಲಿಸಿ ಅಳೆಯುತ್ತದೋ ಆ ಸ್ಥಿರ ವೋಲ್ಟೇಜ್) ಹೋಗಿದೆ. ಎಲ್ಲ ಕಡೆ 0.5 ಜಾಸ್ತಿ, ಖಾಲಿ ಬಾಯಿಯಲ್ಲೂ 0.5 ಅಂದರೆ ಸೊನ್ನೆಯೇ ಸರಿದಿದೆ. ಮೇಲೆ ಹೋದಾಗ ಮಾತ್ರ ಕುಗ್ಗುತ್ತದೆ ಅಂದರೆ ಕೋರ್ ಸ್ಯಾಚುರೇಟ್ ಆಗುತ್ತಿದೆ (ಇನ್ನಷ್ಟು ಕಾಂತತ್ವ ಹಿಡಿಯಲಾರದು), ಅಥವಾ ಸೆಲ್ ಬಲವಿಲ್ಲದೆ ಒಳಗಿನ ಆಂಪ್ಲಿಫೈಯರ್ ತಲೆ ಬಡಿದುಕೊಳ್ಳುತ್ತಿದೆ. ಕೆಳಗೆ ಮಾತ್ರ ಕಡಿಮೆ ಅಂದರೆ ಮೊದಲು ಬಾಯಿ, ಆಮೇಲೆ ರೆಕ್ಟಿಫೈಯರ್. ಕುಣಿಯುತ್ತದೆ ಅಂದರೆ ಸ್ವಿಚ್ ಅಥವಾ ಲೂಸ್ ವೈರ್.

ಇದರ ಜೊತೆ ಇನ್ನೊಂದು ಸುಲಭದ ಪರೀಕ್ಷೆ ಇದೆ. ಅದೇ ಮೀಟರಿನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ, ಒಂದು ಬ್ಯಾಟರಿ ಸಾಕು. ವೋಲ್ಟೇಜ್ ಸರಿ, ಕರೆಂಟ್ ತಪ್ಪು ಅಂದರೆ ದೋಷ ಬಾಯಿಯಿಂದ ಪ್ರೀಸೆಟ್‌ವರೆಗಿನ ದಾರಿಯಲ್ಲಿದೆ. ಕರೆಂಟ್ ಸರಿ, ವೋಲ್ಟೇಜ್ ತಪ್ಪು ಅಂದರೆ ಲೀಡ್ ಅಥವಾ ಇನ್‌ಪುಟ್ ರೆಸಿಸ್ಟರ್. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪು ಅಂದರೆ ಬಾಯಿಯನ್ನು ಬಿಟ್ಟುಬಿಡಿ, ಸೆಲ್ ಮತ್ತು ರೆಫರೆನ್ಸ್ ನೋಡಿ. 9 ವೋಲ್ಟ್ ಬ್ಯಾಟರಿಯ ಹಳೇ ಮಾದರಿ ಮೀಟರುಗಳಲ್ಲಿ 7106 ಜಾತಿಯ ಚಿಪ್ ಇರುತ್ತದೆ. ಬ್ಯಾಟರಿ ಸುಮಾರು 7 ವೋಲ್ಟಿಗಿಂತ ಕೆಳಗಿಳಿದರೆ ಅದರ ಒಳಗಿನ ರೆಫರೆನ್ಸ್ ಕುಸಿಯುತ್ತದೆ, ರೀಡಿಂಗ್ ಏರುತ್ತದೆ. ಬ್ಯಾಟರಿ ಸಾಯುತ್ತಾ ಬಂದಾಗ ಮೀಟರ್ ಕಡಿಮೆ ತೋರಿಸಬೇಕು ಅಂತ ಅನ್ನಿಸುತ್ತದೆ ಅಲ್ವಾ, ಇಲ್ಲಿ ಉಲ್ಟಾ. ಹೊಸ ಬ್ಯಾಟರಿ ಹಾಕದೆ ಕ್ಯಾಲಿಬ್ರೇಷನ್‌ಗೆ ಕೂರಬೇಡಿ.

ಬಾಯಿ

ನನ್ನ ಲೆಕ್ಕದಲ್ಲಿ ಅರ್ಧಕ್ಕರ್ಧ ದೂರು ಇಲ್ಲೇ ಮುಗಿಯುತ್ತದೆ. ಎರಡು ತುದಿಗಳು ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಗಾಳಿ ಸಂದು ಬಿದ್ದರೂ ರೀಡಿಂಗ್ ಇಳಿಯುತ್ತದೆ. ಮುಚ್ಚಿದ ಬಾಯಿಯನ್ನು ದೀಪಕ್ಕೆ ಹಿಡಿದು ನೋಡಿ, ಸಂದಿನಿಂದ ಬೆಳಕು ಬರುತ್ತಿದೆಯಾ? ಆಮೇಲೆ ಕಡಿಮೆ ವೋಲ್ಟೇಜಿನ ಬಳೆಯನ್ನು ಹಾಕಿ, ಎರಡು ದವಡೆಗಳನ್ನೂ ಹೊರಗಿನಿಂದ ಬೆರಳಲ್ಲಿ ಒತ್ತಿ ಹಿಡಿಯಿರಿ. ಒತ್ತಿದಾಗ 74 ಇದ್ದದ್ದು 79ಕ್ಕೆ ಏರಿ, ಬಿಟ್ಟಾಗ ಮತ್ತೆ 74ಕ್ಕೆ ಇಳಿದರೆ ಬೇರೆ ಸಾಕ್ಷಿ ಬೇಡ. ಮೇನ್ಸ್ ಲೋಡ್ ಮೇಲೆ ಈ ಒತ್ತುವ ಆಟ ಬೇಡ, ಬೆರಳು ಗಾರ್ಡ್‌ನ ಹಿಂದೆಯೇ ಇರಲಿ. ಇನ್ನೊಂದು ಸುಳಿವು ಕಿವಿಗೆ ಸಿಗುತ್ತದೆ. ಜಾಸ್ತಿ ಕರೆಂಟಿನ ವೈರಿಗೆ ಹಾಕಿದಾಗ ಬಾಯಿ ‘ಗುಂಯ್’ ಅಂತ ಗುನುಗುತ್ತಿದ್ದರೆ ತುದಿಗಳು ಸರಿಯಾಗಿ ಕೂತಿಲ್ಲ.

ಸ್ವಚ್ಛ ಮಾಡಲು ಮೆತ್ತನೆ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್, ಅಷ್ಟೇ. ಉಪ್ಪುಕಾಗದದಿಂದ ಉಜ್ಜುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಕೋರ್ ತೆಳು ತಗಡುಗಳ ಅಡುಕು, ಉಜ್ಜಿದರೆ ಅಂಚುಗಳು ಒಂದಕ್ಕೊಂದು ಅಂಟುತ್ತವೆ, ಮೇಲ್ಮೈ ಓರೆಯಾಗುತ್ತದೆ, ಸಂದು ಶಾಶ್ವತವಾಗುತ್ತದೆ. ಸ್ಪ್ರಿಂಗ್ ಸಡಿಲವಾಗಿದ್ದರೆ ಅದೇ ಅಳತೆಯದು ಹಾಕಬಹುದು. ಕೀಲಿನ ಪಿನ್ ಸವೆದು ಒಂದು ದವಡೆ ಪಕ್ಕಕ್ಕೆ ವಾಲಿದ್ದರೆ ತುದಿಗಳು ಎದುರುಬದುರು ಕೂರುವುದಿಲ್ಲ, ಪಿನ್ ಬದಲಾಯಿಸಲೇಬೇಕು. ಎತ್ತರದಿಂದ ಬಿದ್ದ ಮೀಟರಿನಲ್ಲಿ ಕೋರ್ ಬಿರುಕು ಬಿಟ್ಟಿರಬಹುದು. ಹೊರಗಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರಂತೂ ಅಂಟು ಹಾಕಿ ಬಳಸಬೇಡಿ. ಆ ಪ್ಲಾಸ್ಟಿಕ್ಕೇ ನಿಮಗೂ ಲೈವ್ ತಂತಿಗೂ ನಡುವೆ ಇರುವ ಗೋಡೆ. ಕೈಯಲ್ಲಿ ಹಿಡಿಯುವ ಕರೆಂಟ್ ಸೆನ್ಸರುಗಳಿಗೆ ಐಇಸಿ 61010-2-032 ಅಂತ ಪ್ರತ್ಯೇಕ ಸುರಕ್ಷತಾ ಮಾನದಂಡವೇ ಇದೆ. ಬಾಯಿಯ ಮೇಲಿನ ‘ಕ್ಯಾಟ್ 3, 600 ವೋಲ್ಟ್’ ಅನ್ನುವ ಬರಹ (ಎಂಥ ಲೈನಿನಲ್ಲಿ, ಎಷ್ಟು ವೋಲ್ಟಿನವರೆಗೆ ಬಳಸಬಹುದು ಅನ್ನುವ ಸುರಕ್ಷತಾ ವರ್ಗ) ಒಡೆದ ಪ್ಲಾಸ್ಟಿಕ್ಕಿಗೆ ಅನ್ವಯಿಸುವುದಿಲ್ಲ.

ಮುಚ್ಚಳ ತೆಗೆದ ಮೇಲೆ

ಮೊದಲು ಲೀಡ್ ತೆಗೆಯಿರಿ, ವೈರಿನಿಂದ ಬಾಯಿ ಬಿಡಿಸಿ, ಬ್ಯಾಟರಿ ತೆಗೆಯಿರಿ. ಕೆಳಗೆ ಒಂದು ಟವೆಲ್ ಹಾಸಿ. ಟವೆಲ್ ಯಾಕೆ ಅಂದರೆ ತಿರುಗುವ ನಾಬ್ ಕೆಳಗೆ ‘ಟಕ್ ಟಕ್’ ಅನ್ನಿಸುವ ಎರಡು ಪುಟಾಣಿ ಉಕ್ಕಿನ ಗುಂಡುಗಳು, ಅವುಗಳ ಸ್ಪ್ರಿಂಗ್ ಇರುತ್ತವೆ, ಬೋರ್ಡ್ ಎತ್ತಿದ ಕ್ಷಣ ಹಾರುತ್ತವೆ. ಒಂದು ಗುಂಡಿಗಾಗಿ ಮ್ಯಾಗ್ನೆಟ್ ಹಿಡಿದು ಅರ್ಧ ಗಂಟೆ ಮೇಜಿನ ಕೆಳಗೆ ತೆವಳಿದ್ದೇನೆ. ಹಾಂ, ಆ ಮ್ಯಾಗ್ನೆಟ್ಟನ್ನು ಡಿಸಿ ಮೀಟರಿನ ಬಾಯಿ ಹತ್ತಿರ ತರಬೇಡಿ.

ನಾಬ್ ಸ್ವಲ್ಪ ಅಲ್ಲಾಡಿಸಿದರೆ ರೀಡಿಂಗ್ ಬದಲಾಗುತ್ತಿತ್ತಾ? ಹಾಗಾದರೆ ಬೋರ್ಡ್ ಮೇಲಿನ ಚಿನ್ನದ ಬಣ್ಣದ ಪಟ್ಟಿಗಳನ್ನು ನೋಡಿ. ಕಪ್ಪು ಕಿಟ್ಟ ಇದ್ದರೆ ಹತ್ತಿಕಡ್ಡಿಗೆ ಆಲ್ಕೊಹಾಲ್ ಹಾಕಿ ಒರೆಸಿ. ರಬ್ಬರ್‌ನಿಂದ ಉಜ್ಜಿದರೆ ಫಳಫಳ ಹೊಳೆಯುವುದೇನೋ ನಿಜ, ಆದರೆ ಲೇಪವೂ ಹೋಗುತ್ತದೆ, ಆರು ತಿಂಗಳಲ್ಲಿ ಮತ್ತೆ ಅದೇ ಗೋಳು. ನಾಬ್‌ನ ತಗಡಿನ ಕಾಲುಗಳು ಚಪ್ಪಟೆಯಾಗಿದ್ದರೆ ಸೂಜಿಯ ತುದಿಯಿಂದ ತುಸು ಮೇಲೆತ್ತಿ. ಡಿಸ್‌ಪ್ಲೇನಲ್ಲಿ ಅಂಕಿಯ ಒಂದೆರಡು ಗೆರೆ ಕಾಣದಿದ್ದರೆ ಅದಕ್ಕೂ ಅಳತೆಗೂ ಸಂಬಂಧವಿಲ್ಲ. ಡಿಸ್‌ಪ್ಲೇ ಕೆಳಗಿನ ರಬ್ಬರ್ ಪಟ್ಟಿಯನ್ನು ಒರೆಸಿ ಮತ್ತೆ ಕೂರಿಸಿದರೆ ಸಾಮಾನ್ಯವಾಗಿ ಬರುತ್ತದೆ.

ಬಾಯಿ ತೆರೆದು ಮುಚ್ಚಿದಾಗ ಒಮ್ಮೆ ಸರಿ, ಒಮ್ಮೆ ಸೊನ್ನೆ ತೋರಿಸುವ ಮೀಟರಿನಲ್ಲಿ ನನ್ನ ಅನುಮಾನ ಕೀಲಿನ ಹತ್ತಿರದ ತಂತಿಯ ಮೇಲೆ. ಎರಡೂ ದವಡೆಗಳಲ್ಲಿ ಕಾಯಿಲ್ ಇರುವ ಮಾದರಿಗಳಲ್ಲಿ ಆ ತಂತಿ ಪ್ರತಿ ಸಲ ಬಾಯಿ ತೆರೆದಾಗಲೂ ಮಡಚಿಕೊಳ್ಳುತ್ತದೆ. ಹೊರಗಿನ ಹೊದಿಕೆ ಚೆನ್ನಾಗೇ ಇರುತ್ತದೆ, ಒಳಗಿನ ತಾಮ್ರ ತುಂಡಾಗಿರುತ್ತದೆ. ಕಾಯಿಲ್‌ನ ಒಂದು ಕಾಲನ್ನು ಬೋರ್ಡಿನಿಂದ ಬಿಡಿಸಿ, ಓಮ್ ರೇಂಜಿನಲ್ಲಿ ಇನ್ನೊಂದು ಮೀಟರ್ ಹಿಡಿದು, ಬಾಯಿಯನ್ನು ನಿಧಾನಕ್ಕೆ ತೆರೆದು ಮುಚ್ಚಿ. ಅಂಕಿ ಹಾರಿದರೆ ತಂತಿ ಬದಲಾಯಿಸಿ, ನೂರಾರು ಎಳೆಗಳಿರುವ ಮೆತ್ತನೆಯದನ್ನೇ ಹಾಕಿ. ಕಾಯಿಲ್ ಬಿಡಿಸಿದ ಸ್ಥಿತಿಯಲ್ಲಿ, ಅಥವಾ ಬರ್ಡನ್ ರೆಸಿಸ್ಟರ್ ತೆಗೆದಿರುವಾಗ, ಕರೆಂಟ್ ಹರಿಯುವ ವೈರಿಗೆ ಬಾಯಿ ಹಾಕಲೇಬೇಡಿ. ಸೆಕೆಂಡರಿ ತೆರೆದುಕೊಂಡ ಕರೆಂಟ್ ಟ್ರಾನ್ಸ್‌ಫಾರ್ಮರ್ ತುದಿಗಳಲ್ಲಿ ಭಾರೀ ವೋಲ್ಟೇಜ್ ಹುಟ್ಟುತ್ತದೆ.

ಓಮ್ ರೇಂಜಿನಲ್ಲಿ ಇಟ್ಟು ಮೇನ್ಸ್‌ಗೆ ಲೀಡ್ ಮುಟ್ಟಿಸಿದ ಮೀಟರ್ ಬಂದರೆ ವಾಸನೆಯಲ್ಲೇ ಗೊತ್ತಾಗುತ್ತದೆ. ಇನ್‌ಪುಟ್ ಸಾಕೆಟ್ಟಿನಿಂದ ಒಳಗೆ ಬರುವ ದಾರಿಯಲ್ಲಿ ಪಿಟಿಸಿ (ಬಿಸಿಯಾದಾಗ ಓಮ್ ಏರಿಸಿಕೊಳ್ಳುವ ರೆಸಿಸ್ಟರ್), ಜಾಸ್ತಿ ಓಮ್ ಇರುವ ರೆಸಿಸ್ಟರುಗಳು ಸಾಲಾಗಿರುತ್ತವೆ. ಒಂದೊಂದಾಗಿ ಅಳೆಯಿರಿ, ಸುಟ್ಟದ್ದರ ಬದಲಿಗೆ ಅದೇ ವೋಲ್ಟೇಜ್ ತಡೆಯುವ ಅಷ್ಟೇ ಓಮ್‌ನದನ್ನು ಹಾಕಿ. ಬೋರ್ಡ್ ಕರಿಕಾಗಿ ಇದ್ದಿಲಿನ ಹಾಗಾಗಿದ್ದರೆ ನಾನು ಕೈ ಮುಗಿದು ವಾಪಸ್ ಕೊಡುತ್ತೇನೆ.

ಡಿಸಿ ಮೀಟರಿನ ಸೊನ್ನೆ

ಹಾಲ್ ಸೆನ್ಸರ್ ಇರುವ ಮೀಟರನ್ನು ಖಾಲಿ ಬಾಯಿಯಲ್ಲಿ ಹಿಡಿದು ಸುಮ್ನೆ ಒಂದು ಸುತ್ತು ತಿರುಗಿ. ಅಂಕಿ ಅಲ್ಲಾಡುತ್ತದೆ. ಭೂಮಿಯ ಕಾಂತಕ್ಷೇತ್ರವನ್ನೂ ಅದು ಅಳೆಯುತ್ತಿದೆ, ಕೆಟ್ಟಿಲ್ಲ. ಹಾಗಾಗಿ ಅಳೆಯುವ ಜಾಗದಲ್ಲೇ, ಅಳೆಯುವ ದಿಕ್ಕಿನಲ್ಲೇ ಹಿಡಿದು ಝೀರೋ ಬಟನ್ ಒತ್ತಬೇಕು. ದೊಡ್ಡ ಡಿಸಿ ಕರೆಂಟ್ ಅಳೆದ ಮೇಲೆ ಕೋರ್‌ನಲ್ಲಿ ಸ್ವಲ್ಪ ಕಾಂತತ್ವ ಉಳಿದುಬಿಡುತ್ತದೆ, ಸೊನ್ನೆ ಸರಿಯುತ್ತದೆ. ಬಾಯಿಯನ್ನು ನಾಲ್ಕೈದು ಸಲ ತೆರೆದು ಮುಚ್ಚಿದರೆ ಅಷ್ಟಿಷ್ಟು ಇಳಿಯುತ್ತದೆ.

ಸೊನ್ನೆಯ ತಪ್ಪೋ, ಪ್ರಮಾಣದ ತಪ್ಪೋ ಬೇರ್ಪಡಿಸಲು ಮೀಟರನ್ನು ತಿರುಗಿಸಿ ಎರಡನೇ ಸಲ ಅಳೆಯಿರಿ. ಒಂದು ದಿಕ್ಕಿನಲ್ಲಿ 10.2, ಉಲ್ಟಾ ಹಾಕಿದಾಗ ಮೈನಸ್ 9.6 ಬಂತು ಅನ್ನಿ. ಚಿಹ್ನೆ ಬಿಟ್ಟು ಎರಡನ್ನೂ ಕೂಡಿ ಅರ್ಧ ಮಾಡಿದರೆ 9.9, ವ್ಯತ್ಯಾಸದ ಅರ್ಧ 0.3. ಸರಿದ ಸೊನ್ನೆ 0.3. ಅಸಲಿ ಕರೆಂಟ್ 9.9 ಇದ್ದರೆ ಪ್ರಮಾಣದಲ್ಲಿ ಏನೂ ತಪ್ಪಿಲ್ಲ, ಪ್ರೀಸೆಟ್ ತಿರುಗಿಸಿದ್ದರೆ ಹಾಳು ಮಾಡಿದಂತಾಗುತ್ತಿತ್ತು. ಝೀರೋ ಒತ್ತಿದರೂ ಐದೇ ನಿಮಿಷದಲ್ಲಿ ಮತ್ತೆ ಸರಿಯುತ್ತಿದ್ದರೆ ಮೀಟರ್ ಆನ್ ಮಾಡಿ ಹದಿನೈದು ನಿಮಿಷ ಬಿಟ್ಟು ನೋಡಿ. ಆಮೇಲೂ ಓಡುತ್ತಿದ್ದರೆ ಸೆನ್ಸರ್ ಅಥವಾ ಅದಕ್ಕೆ ಕರೆಂಟ್ ಕೊಡುವ ಭಾಗ ಕೆಟ್ಟಿದೆ.

ಕೊನೆಗೆ ಪ್ರೀಸೆಟ್

ಹೊಸ ಮಾದರಿಗಳಲ್ಲಿ ಪ್ರೀಸೆಟ್ಟೇ ಇರುವುದಿಲ್ಲ. ಲೆಕ್ಕವೆಲ್ಲ ಮೆಮೊರಿ ಚಿಪ್‌ನಲ್ಲಿ ಕೂತಿರುತ್ತದೆ, ತಯಾರಕರ ವಿಧಾನ ಗೊತ್ತಿಲ್ಲದೆ ಬಟನ್ ಒತ್ತಿ ಪ್ರಯೋಗ ಮಾಡಬೇಡಿ. ಪ್ರೀಸೆಟ್ ಇದ್ದರೆ ಮೊದಲು ಮಾರ್ಕರ್‌ನಿಂದ ಈಗಿರುವ ಜಾಗಕ್ಕೆ ಗೆರೆ ಎಳೆಯಿರಿ, ಫೋಟೋ ತೆಗೆಯಿರಿ. ಎರಡು ಮೂರು ಪ್ರೀಸೆಟ್ ಇದ್ದರೆ ಕ್ರಮ ಮುಖ್ಯ. ಮೊದಲು ಡಿಸಿ ವೋಲ್ಟೇಜ್, ಯಾಕೆಂದರೆ ರೆಫರೆನ್ಸ್ ಅಲ್ಲಿ ಕೂರುತ್ತದೆ, ಉಳಿದೆಲ್ಲ ಅದರ ಮೇಲೆ ನಿಂತಿವೆ. ಆಮೇಲೆ ಎಸಿ ವೋಲ್ಟೇಜ್. ಕಡೆಗೆ ಕ್ಲ್ಯಾಂಪ್ ಕರೆಂಟ್. ಉಲ್ಟಾ ಮಾಡಿದರೆ ಒಂದನ್ನು ಸರಿ ಮಾಡಿದಾಗ ಇನ್ನೊಂದು ಕೆಡುತ್ತಾ ಸಂಜೆವರೆಗೂ ಅದೇ ಕೆಲಸ. ಪ್ಲಾಸ್ಟಿಕ್ ತಿರುಪುಳಿ ಬಳಸಿ, ಒಂದು ಕೂದಲಷ್ಟು ತಿರುಗಿಸಿ, ಕೈ ತೆಗೆದು ರೀಡಿಂಗ್ ನೋಡಿ. ರೇಂಜಿನ ಮುಕ್ಕಾಲು ಭಾಗದ ಹತ್ತಿರ ಹೊಂದಿಸಿ, ಆಮೇಲೆ ಕೆಳಗಿನ ಎರಡು ಕಡೆ ಸುಮ್ಮನೆ ಪರೀಕ್ಷಿಸಿ. ಪ್ರೀಸೆಟ್ ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಿಸಬೇಕಾಗಿ ಬಂದರೆ ನಿಲ್ಲಿಸಿ. ಅಸಲಿ ದೋಷ ಇನ್ನೂ ಒಳಗೇ ಕೂತಿದೆ.

ಮುಚ್ಚಳ ಹಾಕಿ ತಿರುಪು ಬಿಗಿದ ಮೇಲೆ ಇನ್ನೊಮ್ಮೆ ಅಳೆಯುವುದನ್ನು ಬಿಡಬೇಡಿ. ಬಿಚ್ಚಿದಾಗ ಸರಿ ಇದ್ದದ್ದು ಮುಚ್ಚಿದಾಗ ತಪ್ಪಾದರೆ ತಂತಿ ಯಾವುದೋ ಕಂಬದ ಕೆಳಗೆ ಸಿಕ್ಕಿಕೊಂಡಿದೆ, ಅಥವಾ ಮುಚ್ಚಳ ಬಾಯಿಯ ಕೀಲನ್ನು ಒತ್ತುತ್ತಿದೆ.

ಆ ಪೇಂಟಿನ ಕಲೆಯ ಮೀಟರಿಗೆ ನಾನು ಮಾಡಿದ್ದು ಎರಡೇ ಕೆಲಸ. ಬಾಯಿ ಒರೆಸಿದೆ, ಪ್ರೀಸೆಟ್ಟನ್ನು ಹಳೇ ಸೀಲಿನ ಉಳಿಕೆ ಕಾಣುತ್ತಿದ್ದ ಗುರುತಿಗೆ ವಾಪಸ್ ತಂದೆ. 20ಕ್ಕೆ 20.1, 40ಕ್ಕೆ 40.1, 80ಕ್ಕೆ 80.2 ಬಂತು. ಪ್ರೀಸೆಟ್ ಮೇಲೆ ಒಂದು ಹನಿ ಉಗುರು ಬಣ್ಣ ಹಾಕಿ ಮುಚ್ಚಿದೆ.